ಸಂಜೆನೀಲಿ ಮನೆಯ ಹೆಪ್ಪು

ಚಳಿಗಾಲ ಇನ್ನೂ ಪೂರ್ತಿಯಾಗಿ ಹೊರಟಿರಲಿಲ್ಲ, ಬೇಸಿಗೆ ಇನ್ನೂ ಧೈರ್ಯವಾಗಿ ಒಳಗೆ ಬಂದಿರಲಿಲ್ಲ. ಆ ಎರಡು ಋತುಗಳ ಸಂಧಿಕಾಲದ ಅಪರಾಹ್ಣದ ಬಿಸಿಲು, ಹೊಸದಾಗಿ ಬಂದ ಬಾಡಿಗೆದಾರನ ಸಂಕೋಚದಿಂದ, ಬಣ್ಣಗಾರರ ಬೀದಿಯ ಒಂದೊಂದೇ ಮೆಟ್ಟಿಲನ್ನು ಮುಟ್ಟಿ ನೋಡುತ್ತ ಮೇಲೇರುತ್ತಿತ್ತು. ಆಹಾ, ಸಹೃದಯರೇ, ಆ ಬೀದಿಯನ್ನು ನೀವು ಅದರ ಸುದಿನಗಳಲ್ಲಿ ಕಾಣಬೇಕಿತ್ತು! ಎದುರುಬದುರು ಮಾಳಿಗೆಗಳ ನಡುವೆ ಹಗ್ಗ ಕಟ್ಟಿ ಒಣಹಾಕಿದ ನೀಲವಸ್ತ್ರಗಳ ಸಾಲು, ಅವುಗಳ ಅಂಚಿನಿಂದ ತೊಟ್ಟಿಕ್ಕುವ ನೀಲಬಿಂದುಗಳು, ಕಲ್ಲುಹಾಸಿನ ಸಂದುಗಳಲ್ಲಿ ಹರಿಯುವ ನೀಲಧಾರೆ, ಆ ಧಾರೆಯಲ್ಲಿ ಕಾಲಾಡಿಸಿ ಮನೆತುಂಬ ನೀಲಿ ಹೆಜ್ಜೆ ಮೂಡಿಸಿ ಬೈಸಿಕೊಳ್ಳುವ ಮಕ್ಕಳು... ಈಗ ಹಗ್ಗಗಳು ಬರಿದಾಗಿದ್ದವು. ಕಲ್ಲಿನ ಸಂದುಗಳು ಒಣಗಿ ಬಿಳಿಚಿದ್ದವು.

ರಾಜ್ಯ ಹೋಗಿ ರಾಜ್ಯ ಬಂದಿತ್ತು. ಕಾಳಗ ಊರಿನ ಹೊರಗೇ ಮುಗಿದಿತ್ತಾದರೂ ಅದರ ಹಿಂದೆ ಹಿಂದೆಯೇ ಬಂದ ಸಂಶಯವೆಂಬ ಅತಿಥಿ ಊರೊಳಗೆ ಮನೆ ಮಾಡಿಕೊಂಡಿತು. ಯಾರ ಒಲೆಯ ಹೊಗೆ ಹೆಚ್ಚು, ಯಾರ ಬಾಗಿಲು ಯಾವಾಗ ತೆರೆಯಿತು, ಯಾರ ಮಗ ಹೊಸ ಆಡಳಿತದವರ ಜತೆ ನಕ್ಕು ಮಾತಾಡಿದ... ಇವೇ ಜನರ ದಿನಚರಿಯಾದವು. "ಹೇಗಿದ್ದೀರಿ?" ಎಂದು ಯಾರಾದರೂ ಕೇಳಿದರೆ, ಯಾಕೆ ಕೇಳಿದನೆಂದು ಮೂರು ಸಲ ಯೋಚಿಸಿ "ಇದ್ದೀವಿ" ಎಂದಷ್ಟೇ ಹೇಳಿ ಮುಂದೆ ನಡೆಯುವ ಕಾಲ! ಗೋಡೆಗೂ ಕಿವಿಯಿದೆ ಎಂದು ಹಿರಿಯರು ಹೇಳಿದ್ದರು. ಆ ವರ್ಷ ಗೋಡೆಗಳಿಗೆ ಕಣ್ಣೂ ಬಂದಿತ್ತು.

ಆ ಬೀದಿಯ ನಡುಮನೆಯನ್ನು ಜನ ಸಂಜೆನೀಲಿ ಮನೆ ಎನ್ನುತ್ತಿದ್ದರು. ಮೂಲೆಯದನ್ನು ಎಲೆನೀಲಿ ಮನೆ. ಈ ಹೆಸರುಗಳ ಗುಟ್ಟನ್ನು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಮ್ಮ ಕಥಾನಾಯಕನ ಹುಚ್ಚು ನಿಮಗೆ ಬರಿಯ ಹುಚ್ಚಾಗಿ ತೋರೀತು. ಈ ಬೀದಿಯ ನೀಲಿ, ಪುಡಿ ತಂದು ನೀರಿಗೆ ಕಲಸುವ ನೀಲಿಯಲ್ಲ. ಪ್ರತಿ ಮನೆಯ ಕಿಟಕಿಯಿಲ್ಲದ ಒಳಕೋಣೆಯಲ್ಲಿ, ಕುತ್ತಿಗೆಯವರೆಗೆ ನೆಲದಲ್ಲಿ ಹೂತ ಒಂದು ದೊಡ್ಡ ಮಣ್ಣಿನ ಬಾನಿ. ಅದರೊಳಗೆ ನೀಲಿಸೊಪ್ಪು, ಸುಣ್ಣದ ತಿಳಿ, ತೌಡುಗಳನ್ನು ಉಂಡು ಹುದುಗುತ್ತ ಬದುಕುವ ನೀರು. ಹೌದು, ಬದುಕುವ ನೀರು! ಬೆಚ್ಚಗಿಟ್ಟು ಹೊತ್ತಿಗೆ ಸರಿಯಾಗಿ ಉಣಿಸಿದರೆ ಏಳು ತಲೆಮಾರು ಬಾಳುತ್ತದೆ, ಮರೆತರೆ ವಾರದೊಳಗೆ ಸಾಯುತ್ತದೆ. ಆ ಮನೆಯ ಬಾವಿ, ಆ ಮನೆಯ ಸುಣ್ಣ, ಆ ಮನೆಯವರ ಕೈಗುಣ ಸೇರಿ ಒಂದೊಂದು ಬಾನಿಗೂ ಒಂದೊಂದು ಛಾಯೆ: ಸಂಜೆನೀಲಿಯಲ್ಲಿ ಸೂರ್ಯಾಸ್ತದ ನಂತರದ ಕೆಂಪಿನ ನೆರಳು, ಎಲೆನೀಲಿಯಲ್ಲಿ ಚಿಗುರಿನ ಹಸಿರು. ಹೊರಗಿನವರಿಗೆ ಎಲ್ಲವೂ ನೀಲಿಯೇ. ಬಣ್ಣಗಾರರಿಗೆ ಮಾತ್ರ ಬೆರಳ ತುದಿ ನೋಡಿದರೆ ಸಾಕು, ಯಾವ ಮನೆಯವರೆಂದು ಹೇಳಿಬಿಡುತ್ತಾರೆ.

ಬಾನಿಯ ಹೆಪ್ಪನ್ನು ಹೊರಗೆ ಕೊಡಬಾರದು, ಹೊರಗಿನಿಂದ ತರಬಾರದು. ಇದು ಬಣ್ಣಗಾರರ ಕೂಟದ ಮೊದಲ ಕಟ್ಟಳೆ. ಸಂಜೆ ಮೊಸರಿಗೆ ಹೆಪ್ಪಿಲ್ಲವೆಂದರೆ ಜಗಳವಾಡಿದ ನೆರೆಮನೆಯವಳೂ ಒಂದು ಚಮಚ ಕೊಟ್ಟಾಳು. ನೀಲಿಯ ಹೆಪ್ಪನ್ನು ಮಾತ್ರ ಕೇಳಿದವರಿಲ್ಲ, ಕೊಟ್ಟವರಿಲ್ಲ. ಎರವಲು ಹೆಪ್ಪಿನ ಮನೆಗೆ ಬೀದಿಯಲ್ಲಿ ಜಾಗವಿಲ್ಲ ಎಂಬುದು ಹಾಲು ಕುಡಿಯುವ ಮಗುವಿಗೂ ತಿಳಿದಿತ್ತು.

ಇನ್ನೊಂದು ಪದ್ಧತಿಯೂ ಇತ್ತು. ಬೆಳಕು ತಾಗಿದರೆ ಬಾನಿ ಮುನಿಯುತ್ತದೆಂದು ಒಳಕೋಣೆಗೆ ದೀಪ ಒಯ್ಯುವಂತಿರಲಿಲ್ಲ. ಮನೆಯ ಯಜಮಾನ ಪ್ರತಿ ಬೆಳಗ್ಗೆ ಕತ್ತಲಲ್ಲಿ ಮುಚ್ಚಳವನ್ನು ಗೇಣುದ್ದ ಸರಿಸಿ, ಬಗ್ಗಿ ಮೂಸಿ, ಬಾನಿಯ ಕುಶಲವನ್ನು ಹೇಳುತ್ತಿದ್ದ. ಬಣ್ಣಗಾರನ ವಿದ್ಯೆಯೆಲ್ಲ ಅವನ ಮೂಗಿನಲ್ಲಿ.

ಅಯ್ಯೋ, ಸಂಜೆನೀಲಿ ಮನೆಯ ಯಜಮಾನನ ಮೂಗು ಸತ್ತಿತ್ತು!

ಕಾಳಗದ ಕಾಲದಲ್ಲಿ ಗಂಡಸರನ್ನು ಹಿಡಿದೊಯ್ದು ಐದು ತಿಂಗಳು ಸೇತುವೆಯ ಕೆಲಸಕ್ಕೆ ಹಚ್ಚಿದ್ದರು. ಬಂಡೆ ಸಿಡಿಸುವ ಮದ್ದಿನ ಹೊಗೆ ಅವನ ಶ್ವಾಸಕ್ಕೆ ಹೊಕ್ಕು, ಒಂದು ಜ್ವರ ತಂದು, ಹೋಗುವಾಗ ಲೋಕದ ಗಂಧವನ್ನೆಲ್ಲ ಕಟ್ಟಿಕೊಂಡು ಹೋಯಿತು. ಮನೆಗೆ ಮರಳಿದ ದಿನ ಅವನು ಊಟಕ್ಕೂ ಕೂರದೆ ನೇರ ಒಳಕೋಣೆಗೆ ನಡೆದ. ಕತ್ತಲಲ್ಲಿ ಮಂಡಿಯೂರಿ ಮುಚ್ಚಳ ಸರಿಸಿದ. ಮೂಸಿದ... ಏನೂ ಇಲ್ಲ. ಮತ್ತೆ ಮೂಸಿದ... ಶೂನ್ಯ! ತಂದೆಯ ಎದೆಗೆ ಒರಗಿದಾಗ ಬರುತ್ತಿದ್ದ ಆ ಹುಳಿಮಿಶ್ರಿತ ಘಾಟು, ಅವನ ಬಾಲ್ಯದ ಪರಿಮಳವೇ ಆಗಿದ್ದ ಆ ವಾಸನೆ, ಎಲ್ಲಿಯೂ ಇರಲಿಲ್ಲ. ಹಿಂದೆ ಹೊಸ್ತಿಲಲ್ಲಿ ಹೆಂಡತಿ ನಿಂತಿದ್ದಳು.

"ಹೇಗಿದೆ?" ಎಂದಳು.

"ಗಟ್ಟಿಯಾಗಿದೆ," ಎಂದ ಅವನು, ಸ್ವರ ನಡುಗದಂತೆ. "ಚೆನ್ನಾಗಿ ನೋಡಿಕೊಂಡಿದ್ದೀಯ."

ಅವಳು ಅಡುಗೆಮನೆಗೆ ಹೋದಳು, ಅಲ್ಲಿಂದ ಬಿಕ್ಕುವ ಸದ್ದು ಕೇಳಿಸಿತು. ಗಂಡ ಜೀವಂತ ಮರಳಿದ ಆನಂದವೆಂದು ಅವನು ಅಂದು ತಿಳಿದ.

ತನ್ನೊಳಗೆ ಗುಟ್ಟಿಟ್ಟುಕೊಂಡವನಿಗೆ ಎಲ್ಲರೊಳಗೂ ಗುಟ್ಟು ಕಾಣುತ್ತದೆ. ಬೀದಿಯಲ್ಲಿ ಯಾರಾದರೂ "ಏನಪ್ಪ ಇದು ವಾಸನೆ!" ಎಂದರೆ ಸಾಕು, ಕುಂಬಳಕಾಯಿ ಕಳ್ಳ ಎಂದಾಗ ಹೆಗಲು ಮುಟ್ಟಿಕೊಂಡವನ ಹಾಗೆ ಅವನ ಕೈ ತಾನಾಗಿ ಮೂಗಿಗೆ ಹೋಗುತ್ತಿತ್ತು. ಬಟ್ಟೆಯ ಅಂಗಡಿಗಳು ಇನ್ನೂ ತೆರೆದಿರಲಿಲ್ಲವಾದ್ದರಿಂದ ಅದ್ದುವ ಕೆಲಸವಿರಲಿಲ್ಲ, ಅದೊಂದು ಪುಣ್ಯ. ಬೆಳಗ್ಗೆಯೆಲ್ಲ ಪರವಾನಗಿ ಕಚೇರಿಯ ಸಾಲಿನಲ್ಲಿ ನಿಲ್ಲುವುದು, ಮಧ್ಯಾಹ್ನ ಮನೆಗೆ ಬರುವುದು, ಹೆಂಡತಿಯನ್ನು ನೋಡುವುದು. ಹಾಗೆ ನೋಡುತ್ತಿದ್ದಾಗಲೇ ಒಂದು ದಿನ ಅವಳು ನೀರಿನ ಲೋಟ ಮುಂದಿಟ್ಟಳು. ಅವಳ ಉಗುರಿನ ಬುಡದಲ್ಲಿ ನೀಲಿಯಿತ್ತು. ಆ ನೀಲಿಯಲ್ಲಿ ಹಸಿರಿತ್ತು.

ಎಲೆನೀಲಿ!

ಎಲೆನೀಲಿ ಮನೆಯ ಯಜಮಾನ ವಿಧುರ. ಹನ್ನೊಂದು ವರ್ಷದ ಹಿಂದೆ ಇದೇ ಹೆಣ್ಣನ್ನು ಮೊದಲು ಕೇಳಿದ್ದವನು ಅವನೇ. ಅವಳ ತಂದೆ ಸಂಜೆನೀಲಿಯನ್ನು ಆರಿಸಿದ್ದರು. ಸೇತುವೆಯ ಕೆಲಸಕ್ಕೆ ಅವನನ್ನು ಒಯ್ದಿರಲಿಲ್ಲ, ಕಾಲು ಕುಂಟು. ಐದು ತಿಂಗಳು ಅವನು ಇಲ್ಲಿ, ತಾನು ಅಲ್ಲಿ... ಓದುಗರೇ, ಈರ್ಷ್ಯೆಗೆ ಇದಕ್ಕಿಂತ ಹೆಚ್ಚಿನ ಮೇವು ಬೇಕೆ? ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿಯಂತೆ; ನಮ್ಮ ಬಣ್ಣಗಾರನಿಗೆ ಆ ದಿನದಿಂದ ಲೋಕವೆಲ್ಲ ಎಲೆನೀಲಿ.

ಅವನು ಎಣಿಸತೊಡಗಿದ. ಮೂರು ದಿನಕ್ಕೊಮ್ಮೆ, ಬಿಸಿಲು ಇಳಿಯುವ ಹೊತ್ತಿಗೆ, ಅವಳು ಬಾಯಿಗೆ ಬಟ್ಟೆ ಕಟ್ಟಿದ ಒಂದು ಗಡಿಗೆಯನ್ನು ಸೊಂಟದ ಮೇಲಿಟ್ಟು ಹೊರಡುತ್ತಾಳೆ.

"ಎಲ್ಲಿಗೆ?"

"ಹಾಲಿಗೆ."

"ಹಾಲಿನವನು ಬೆಳಗ್ಗೆ ಬಂದಿದ್ದನಲ್ಲ?"

"ಅದು ಸಾಲೋದಿಲ್ಲ."

ಇಬ್ಬರಿರುವ ಮನೆಗೆ ಎಷ್ಟು ಹಾಲು ಬೇಕು! ಅವಳು ಮರಳಿ ಬರುವಾಗ ಅವನು ಜಗಲಿಯಲ್ಲಿ ಕೂತು ಬೀದಿಯನ್ನು ನೋಡುತ್ತಿದ್ದ. ನೋಡಿದ್ದೇನು? ಅವಳು ಹಾದುಹೋದಂತೆಲ್ಲ ಜನ ಮುಖ ತಿರುಗಿಸುತ್ತಾರೆ. ಎದುರುಮನೆಯ ಸೂಜಿಯವಳು, ಕಿಟಕಿಯಲ್ಲಿ ಕೂತು ಹಳೆ ಬಟ್ಟೆಗೆ ತೇಪೆ ಹಾಕುವ ಬಾಯಿಬಡುಕಿ, ಅವಳನ್ನು ಕಂಡೊಡನೆ ಕಿಟಕಿಯ ಒಂದು ಕದ ಮುಚ್ಚುತ್ತಾಳೆ. ಕಟ್ಟೆಯ ಮೇಲಿನ ಮುದುಕರು ಮಾತು ನಿಲ್ಲಿಸುತ್ತಾರೆ. ತನ್ನನ್ನು ನೋಡಿದರೆ ಎಲ್ಲರ ಕಣ್ಣಲ್ಲೂ ಒಂದು ವಿಚಿತ್ರ ಮರ್ಯಾದೆ, ಸಾವಿನ ಮನೆಯವರಿಗೆ ತೋರಿಸುವಂಥ ಮರ್ಯಾದೆ. ಹಾಗಾದರೆ ಬೀದಿಗೆ ಬೀದಿಯೇ ಬಲ್ಲದು! ಬಲ್ಲದೆ ಇರುವವನು ಗಂಡನೊಬ್ಬನೇ ಎಂದು ನಗುತ್ತಿದ್ದಾರೆ! ಮೊದಲ ದಿನದ ಆ ಬಿಕ್ಕಳಿಕೆ ಅವನಿಗೆ ನೆನಪಾಯಿತು. ಈಗ ಅದರ ಅರ್ಥ ಬೇರೆಯಾಗಿತ್ತು.

ಅವನು ಅವಳನ್ನು ಪ್ರೀತಿಸಿರಲಿಲ್ಲವೇ? ಪ್ರೀತಿಸಿದ್ದ! ಸೇತುವೆಯ ಕಲ್ಲು ಹೊರುವಾಗ ಪ್ರತಿ ಹೆಜ್ಜೆಗೂ ಅವಳ ಮುಖವನ್ನು ನೆನೆದು ಮುಂದಿನ ಹೆಜ್ಜೆ ಇಟ್ಟವನು ಅವನು. ಆದರೆ ಪ್ರೇಮವು ಎಷ್ಟು ಆಳವೋ ಅದರ ತಳದ ಕೆಸರೂ ಅಷ್ಟೇ ದಪ್ಪ. ಅವಳ ಮುಡಿಯ ಗಂಧ ಈಗ ತನಗೆ ತಿಳಿಯುತ್ತಿಲ್ಲ, ಅದನ್ನು ಬೇರೊಬ್ಬ ಬಲ್ಲನೋ ಏನೋ ಎಂಬ ಯೋಚನೆ ಬಂದ ದಿನ ಅವನು ಗೋಡೆಗೆ ಹಣೆ ಹಚ್ಚಿ ಅತ್ತ.

ಇತ್ತ ಹೊಸ ಆಡಳಿತದ ಆಜ್ಞೆಯೊಂದು ಬೀದಿಯ ಕಂಬಕ್ಕೆ ಅಂಟಿತು. ಬರುವ ತಿಂಗಳ ಮೊದಲ ದಿನ ಅಧಿಕಾರಿಗಳು ಕೂಟದ ಹಿರಿಯರೊಡನೆ ಮನೆಮನೆಗೆ ಬಂದು ಪರೀಕ್ಷಿಸುತ್ತಾರೆ. ಬಾನಿ ಜೀವಂತವಿದ್ದ ಮನೆಗೆ ಪರವಾನಗಿ, ಉಳಿದವನ್ನು ಕೆಡವಿ ಯಂತ್ರದ ಬಣ್ಣದ ಗೋದಾಮು. ಅದನ್ನು ಓದಿ ಬಂದವನು ಮನಸ್ಸಿನಲ್ಲೇ ನಿಶ್ಚಯಿಸಿದ: ಆ ದಿನ ಎಲ್ಲ ಹಿರಿಯರೂ ಸೇರಿದಾಗ ಅವಳ ಉಗುರುಗಳನ್ನು ತೋರಿಸಿಬಿಡುತ್ತೇನೆ, ಅವರ ಎದುರಿಗೇ ತವರಿಗೆ ಕಳಿಸುತ್ತೇನೆ. ಹನ್ನೊಂದು ವರ್ಷದ ಬಾಳು ಮುಗಿಯಲು ಒಂಬತ್ತು ದಿನ ಉಳಿದಿತ್ತು.

ಆದರೆ ಕೋಪಕ್ಕೆ ಪಂಚಾಂಗವುಂಟೆ? ನಾಲ್ಕನೆಯ ದಿನವೇ, ಅವಳು ಗಡಿಗೆ ಹೊತ್ತು ಮರಳುತ್ತಿದ್ದಾಗ, ಅವನು ಜಗಲಿಯಿಂದಿಳಿದು ನಡುಬೀದಿಯಲ್ಲಿ ಅಡ್ಡ ನಿಂತ.

"ಬಿಚ್ಚು."

"ಮನೆಗೆ ಹೋಗೋಣ ನಡೀರಿ. ಅಲ್ಲಿ ಬಿಚ್ತೀನಿ."

"ಇಲ್ಲೇ ಬಿಚ್ಚು. ಎಲ್ಲರೂ ನೋಡಲಿ, ಎಲೆನೀಲಿ ಮನೆಯ ಹಾಲು ಹೇಗಿರುತ್ತೆ ಅಂತ!"

ಕಿಟಕಿಗಳು ತೆರೆದವು. ಮೂಲೆಮನೆಯ ಹೊಸ್ತಿಲಿಗೆ ವಿಧುರನೂ ಬಂದ, ಅವನ ಹಿಂದೆ ಅವನ ವೃದ್ಧ ತಾಯಿಯೂ ಬಂದಳು. ಹೆಂಡತಿ ಗಡಿಗೆಯನ್ನು ಎರಡೂ ಕೈಯಿಂದ ಅವುಚಿಕೊಂಡು ನಿಂತಳು. ಅವಳ ಮುಖದಲ್ಲಿ ಭಯವಿತ್ತು. ಆದರೆ ಅದು ಸಿಕ್ಕಿಬಿದ್ದವಳ ಭಯವಾಗಿ ಕಾಣಲಿಲ್ಲ, ತುಂಬಿದ ಪಾತ್ರೆ ಚೆಲ್ಲೀತೆಂಬ ಭಯದಂತಿತ್ತು. ಅವನ ಕಣ್ಣಿಗೆ ಅದೂ ನಟನೆಯೇ!

"ಹೇಳು! ಅವನಿಗೂ ನಿನಗೂ ಏನು?"

ಆಗ ಎದುರು ಕಿಟಕಿಯ ಸೂಜಿಯವಳಿಗೆ ತಡೆಯಲಾಗಲಿಲ್ಲ. "ಅಯ್ಯೋ ನಿಮ್ಮ! ಅದರಲ್ಲಿ ಹಾಲಿದೆಯೋ ಹೆಪ್ಪಿದೆಯೋ ಕೇಳಬೇಕಾ? ಹತ್ತು ಮನೆಗೆ ಘಾಟು ಹೊಡೀತಿದೆ! ತಿಂಗಳಿಂದ ನಾವೆಲ್ಲ ಬಾಗಿಲು ಹಾಕ್ಕೊಂಡು ಗೊತ್ತಿಲ್ಲದ ಹಾಗೆ ಕೂತಿದ್ದೀವಿ, ನೀವೇ ಬೀದಿಗೆ ಬಂದು ಡಂಗುರ ಹೊಡೀತಿದ್ದೀರಲ್ಲ! ನಿಮ್ಮ ಮೂಗಿಗೇನಾಗಿದೆ?"

"ಅವರಿಗೆ ನೆಗಡಿ," ಎಂದಳು ಹೆಂಡತಿ ಥಟ್ಟನೆ. "ಬೆಳಗ್ಗೆಯಿಂದ ಜೋರು ನೆಗಡಿ ಆಗಿದೆ ಅವರಿಗೆ."

ನೆಗಡಿ!

ಅವನು ಅವಳನ್ನು ನೋಡಿದ. ನೂರು ಕಣ್ಣುಗಳೆದುರು ಅವಳ ಶೀಲವೇ ಧೂಳಿಗೆ ಬಿದ್ದಿರುವಾಗ ಅವಳ ನಾಲಿಗೆಗೆ ಮೊದಲು ಬಂದದ್ದು ಅವಳ ಸಮರ್ಥನೆಯಲ್ಲ. ಅವನ ಮೂಗಿಗೊಂದು ನೆಪ! ಹಾಗಾದರೆ ಇವಳಿಗೆ ಗೊತ್ತಿತ್ತು... ಯಾವತ್ತಿನಿಂದ? ಅವನ ಮೈಯ ಬಿಸಿಯೆಲ್ಲ ಒಮ್ಮೆಲೇ ಇಳಿದುಹೋಯಿತು.

"ನೆಗಡಿ ಅಲ್ಲ," ಎಂದ, ಬೀದಿಗೆಲ್ಲ ಕೇಳುವಂತೆ. "ಸೇತುವೆಯಿಂದ ಬಂದಾಗಿನಿಂದ ನನಗೆ ಯಾವ ವಾಸನೆಯೂ ಬರೋದಿಲ್ಲ."

ಬಣ್ಣಗಾರನೊಬ್ಬ ಬಣ್ಣಗಾರರ ಬೀದಿಯಲ್ಲಿ ಆಡಬಾರದ ಮಾತದು. ಕಟ್ಟೆಯ ಮುದುಕರಲ್ಲಿ ಒಬ್ಬರು "ಶಿವನೇ" ಎಂದರು. ಮೂಲೆಮನೆಯ ವೃದ್ಧೆ ಮಾತ್ರ ಕೋಲೂರುತ್ತ ಮೆಟ್ಟಿಲಿಳಿದು ಬಂದು ಅವನ ತೋಳು ಹಿಡಿದಳು.

"ಮೂಗು ಹೋದರೆ ಹೋಯ್ತು ಕಣಪ್ಪ, ಮನೆ ಉಳೀತಲ್ಲ. ಒಳಗೆ ನಡಿ, ಹೆಪ್ಪು ಆರಿಹೋಗುತ್ತೆ."

ಒಳಕೋಣೆಯ ಕತ್ತಲಲ್ಲಿ ಹೆಂಡತಿ ಗಡಿಗೆಯನ್ನು ಬಾನಿಗೆ ಸುರಿದಳು. ಆ ಸದ್ದು ನಿಂತ ಮೇಲೆ ಹೇಳಿದಳು. ಸೈನಿಕರು ಹನ್ನೊಂದು ದಿನ ಈ ಮನೆಯಲ್ಲೇ ಬೀಡುಬಿಟ್ಟಿದ್ದರು. ಈ ಕೋಣೆಗೆ ಅವಳನ್ನು ಬಿಡಲಿಲ್ಲ. ಅವರು ಹೋದ ಮೇಲೆ ಮುಚ್ಚಳ ತೆಗೆದರೆ ಬಾನಿ ಸತ್ತು ನಾರುತ್ತಿತ್ತು. ಅವನು ಬರಲಿ, ಕಾಲು ಹಿಡಿದು ಹೇಳಿಬಿಡುತ್ತೇನೆ ಎಂದು ಅವಳು ದಿನ ಎಣಿಸಿದ್ದಳು.

"ನೀವು ಬಂದ್ರಿ. ಬಗ್ಗಿ ಮೂಸಿದ್ರಿ. ಸತ್ತ ಬಾನಿ ಮೂಸಿ ಗಟ್ಟಿಯಾಗಿದೆ ಅಂದ್ರಿ..." ಅವಳು ಬರಿದಾದ ಗಡಿಗೆಯನ್ನು ಕೆಳಗಿಟ್ಟಳು. "ಬಾನಿ ಸತ್ತಿದೆ ಅಂತ ಹೇಳಿದ್ರೆ ನಿಮ್ಮ ಮೂಗು ಸತ್ತಿದೆ ಅಂತ ಹೇಳಿದ ಹಾಗಲ್ವಾ? ಅದಕ್ಕೇ ಹೇಳಲಿಲ್ಲ. ಬೆಳಗ್ಗೆ ನೀವು ಕಚೇರಿಗೆ ಹೋದಾಗ ಬಾನಿ ತೊಳೆದು ಹೊಸದಾಗಿ ಹೂಡಿದೆ. ಚಳಿಗೆ ಎರಡು ಸಲ ಹಿಡೀಲಿಲ್ಲ. ಅಜ್ಜಿ ಹಿತ್ತಿಲ ಬಾಗಿಲಲ್ಲಿ ಮತ್ತೆ ಮತ್ತೆ ಕೊಟ್ಟರು."

ಹೊಸ್ತಿಲಲ್ಲಿ ವೃದ್ಧೆ ನಿಂತಿದ್ದಳು. ಅವಳ ಹಿಂದೆ, ತನ್ನ ಮನೆಯ ಹೆಪ್ಪು ತಿಂಗಳಿಂದ ಹಿತ್ತಿಲ ಬಾಗಿಲು ದಾಟುತ್ತಿತ್ತೆಂದು ಅಂದೇ ತಿಳಿದ ವಿಧುರ, ತೆರೆದ ಬಾಯಿ ಮುಚ್ಚುವುದನ್ನು ಮರೆತು ನಿಂತಿದ್ದ.

"ಅಮ್ಮ, ಕಟ್ಟಳೆ..." ಎಂದ ಮಗ.

"ಸುಮ್ಮನಿರೋ. ನಮ್ಮತ್ತೆ ಕಾಲದಲ್ಲಿ ನೆರೆ ಬಂದು ನಮ್ಮ ಬಾನಿ ಸತ್ತಾಗ ಈ ಮನೆಯ ಅಜ್ಜಿ ಹೀಗೇ ಗಡಿಗೆ ಕೊಟ್ಟಿದ್ರಂತೆ. ಅವರ ಬಾನಿಗೆ ಮುಂಚೆ ಯಾರು ಕೊಟ್ಟಿದ್ದರೋ! ನಮ್ಮತ್ತೆ ಸಾಯೋವಾಗ ನನ್ನ ಕಿವೀಲಿ ಹೇಳಿ ಹೋದ್ರು. ಗಂಡಸರಿಗೆ ಹೇಳೋ ಪದ್ಧತಿ ಇಲ್ಲ." ಮುದುಕಿ ಬಾನಿಯತ್ತ ಮೂಗು ಚಾಚಿ ತಲೆಯಾಡಿಸಿದಳು. "ಹಿಡಿದಿದೆ. ಬಣ್ಣದ ಚಿಂತೆ ಬಿಡಿ. ಮೂರು ತಿಂಗಳು ನಿಮ್ಮ ಬಾವಿ ನೀರು, ನಿಮ್ಮ ಸುಣ್ಣ ಉಂಡರೆ ಸೊಸೆ ಮನೆಗೆ ಹೊಂದಿಕೊಂಡ ಹಾಗೆ ತಾನಾಗಿ ಸಂಜೆನೀಲಿಗೆ ತಿರುಗುತ್ತೆ."

ಮೂರು ತಿಂಗಳು! ಪರೀಕ್ಷೆಗೆ ಉಳಿದದ್ದು ಐದೇ ದಿನ.

ತಿಂಗಳ ಮೊದಲ ದಿನ ಬಂತು. ಅಧಿಕಾರಿ ಕಾಗದ ಹಿಡಿದು ಅಂಗಳದಲ್ಲಿ ನಿಂತ. ಕೂಟದ ಹಿರಿಯ, ಎಪ್ಪತ್ತು ವರ್ಷ ನೀಲಿಯನ್ನೇ ನೋಡಿ ಸವೆದ ಕಣ್ಣಿನವನು, ಒಳಗೆ ಹೋಗಿ ಬಿಳಿಯ ನೂಲಿನ ಲಡಿಯೊಂದನ್ನು ಬಾನಿಗೆ ಇಳಿಸಿ ಎತ್ತಿ ತಂದ. ಗಾಳಿ ತಾಗುತ್ತಿದ್ದಂತೆ, ಬಾನಿಯಿಂದ ಹಸಿರಾಗಿ ಎದ್ದ ನೂಲು ಎಲ್ಲರ ಕಣ್ಣೆದುರೇ ನೀಲಿಗೆ ತಿರುಗತೊಡಗಿತು... ಜೀವವಿತ್ತು! ಆದರೆ ಆ ನೀಲಿಯಲ್ಲಿ ಚಿಗುರು ಇನ್ನೂ ಹಾಗೆಯೇ ಇತ್ತು. ಸಂಜೆಯ ಕೆಂಪು ಹುಡುಕಿದರೂ ಇಲ್ಲ. ಅಂಗಳದ ತುಂಬ ಬಣ್ಣಗಾರರು. ತಿಂಗಳುಗಟ್ಟಲೆ ಒಬ್ಬರ ಹೊಗೆಯನ್ನೊಬ್ಬರು ಎಣಿಸುತ್ತ ಬಂದವರು, ಒಂದು ಮಾತಿನಿಂದ ಇನ್ನೊಬ್ಬರ ಮನೆ ಕೆಡವಬಲ್ಲವರು! ಹಿರಿಯ ಲಡಿಯನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದ. ನಮ್ಮ ಬಣ್ಣಗಾರನ ಕೈ ಪಕ್ಕದಲ್ಲಿದ್ದ ಹೆಂಡತಿಯ ಕೈಯನ್ನು ಹುಡುಕಿ ಹಿಡಿಯಿತು. ಯಾರಿಗೆ ತೋರಿಸಬೇಕೆಂದಿದ್ದನೋ ಅವರೆದುರಿಗೇ ಅವಳ ಉಗುರುಗಳನ್ನು ತನ್ನ ಮುಷ್ಟಿಯಲ್ಲಿ ಮುಚ್ಚಿಕೊಂಡ.

"ಯಾವ ನೀಲಿ?" ಎಂದ ಅಧಿಕಾರಿ, ಬರೆಯಲು ಸಿದ್ಧನಾಗಿ.

"ಸಂಜೆನೀಲಿ," ಎಂದ ಹಿರಿಯ. "ಈ ಮನೆಯದೇ. ಬರ್ಕೊಳ್ಳಿ."

ಅಂಗಳದಲ್ಲಿ ಒಬ್ಬನೂ ಕೆಮ್ಮಲಿಲ್ಲ. ಸೂಜಿಯವಳು ಕೂಡ, ಇದು ದಾಖಲಿಸತಕ್ಕ ಸಂಗತಿ, ಬಾಯಿ ಬಿಡಲಿಲ್ಲ.

ಅಂದಿನಿಂದ ಆ ಮನೆಯಲ್ಲಿ ಬೆಳಗಿನ ಪದ್ಧತಿ ಸ್ವಲ್ಪ ಬದಲಾಯಿತು. ಕತ್ತಲ ಕೋಣೆಯಲ್ಲಿ ಇಬ್ಬರೂ ಮಂಡಿಯೂರುತ್ತಾರೆ. ಅವನು ಮುಚ್ಚಳ ಸರಿಸುತ್ತಾನೆ, ಅವಳು ಬಗ್ಗಿ ಮೂಸುತ್ತಾಳೆ.

"ಹೇಗಿದೆ?" ಎನ್ನುತ್ತಾನೆ.

ಅವಳು ಹೇಳುತ್ತಾಳೆ: ಇವತ್ತು ಹಸಿದಿದೆ, ಇವತ್ತು ಸುಣ್ಣ ಹೆಚ್ಚಾಗಿದೆ, ಇವತ್ತು ಚೆನ್ನಾಗಿದೆ. ಅವನಿಗೆ ಅದನ್ನು ಪರೀಕ್ಷಿಸುವ ದಾರಿಯಿಲ್ಲ. ಅವಳು ಅಂದಷ್ಟೇ ಅವನ ವಿದ್ಯೆ, ಅವಳು ಅಂದಷ್ಟೇ ಅವನ ಪೂರ್ವಜರ ಆಸ್ತಿ. ಅವನು ಎದ್ದು ತೌಡಿನ ಬುಟ್ಟಿಗೆ ಕೈ ಹಾಕುತ್ತಾನೆ.

ಸಹೃದಯರೇ, ಸಿಂಹಾಸನಗಳು ಉರುಳುವ ಕಾಲದಲ್ಲಿ ಹಿಂದಿನವರ ವಿದ್ಯೆಯನ್ನು ಕಾಯುವವರು ಯಾರೆಂದು ನಾವು ಕಟ್ಟಳೆಯ ಕಡತಗಳಲ್ಲಿ ಹುಡುಕುತ್ತೇವೆ. ಆದರೆ ಕಟ್ಟಳೆಯನ್ನು ಮುರಿದಾದರೂ ನೆರೆಯವಳ ಗಡಿಗೆ ತುಂಬಿಸುವ ಕೈಗಳು, ಕಂಡೂ ಕಾಣದಂತೆ ಮುಚ್ಚಿಕೊಳ್ಳುವ ಕಿಟಕಿಗಳು ಇಲ್ಲದಿದ್ದರೆ ಯಾವ ಪರಂಪರೆ ತಾನೇ ಒಂದು ಚಳಿಗಾಲ ದಾಟೀತು! ಸಂಶಯಕ್ಕೆ ಸಾವಿರ ಸಾಕ್ಷಿ ಸಿಗುತ್ತವೆ. ನಂಬಿಕೆಗೆ ಒಂದೂ ಸಿಗುವುದಿಲ್ಲ, ಸಿಕ್ಕಿದ್ದರೆ ಅದು ನಂಬಿಕೆಯಾಗಿ ಉಳಿಯುತ್ತಿರಲಿಲ್ಲ. ಬೆಳಕಿಲ್ಲದ ಕೋಣೆಯಲ್ಲಿ ಇನ್ನೊಬ್ಬರ ಮಾತನ್ನು ಹಿಡಿದು ಮುಂದಿನ ದಿನಕ್ಕೆ ಕಾಲಿಡುವುದು... ಮನುಷ್ಯಹೃದಯಕ್ಕೆ ತಿಳಿದಿರುವ ಅತ್ಯಂತ ಹಳೆಯ ಪದ್ಧತಿ ಬಹುಶಃ ಅದೊಂದೇ.